ತಂಗಿಗೆ ಧೈರ್ಯ ಹೇಳುವುದನ್ನು ಕೆಲವು ದಿನ ನಿಲ್ಲಿಸಿ

ಪ್ರಶ್ನೆ: ನಾನು ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕ. ನನ್ನ ತಂಗಿಗೆ 26 ವರ್ಷ. ಎರಡು ವರ್ಷದ ಹಿಂದೆ ಗಂಡನ ಜೊತೆ ಬೆಂಗಳೂರಿಗೆ ಹೋದಳು. ಅವಳು ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್, ಗಂಡನದು ಗಾರೆ ಕೆಲಸ. ಲಗ್ಗೆರೆಯಲ್ಲಿ ಒಂದು ಕೋಣೆಯ ಮನೆ. ನಾಲ್ಕು ವರ್ಷದ ಮಗ ಊರಲ್ಲಿ ನಮ್ಮ ಅವ್ವನ ಬಳಿ ಇದ್ದಾನೆ. ಆರು ತಿಂಗಳಿಂದ ಅವಳಿಗೆ ತಲೆನೋವು, ಕೈಕಾಲು ಸೆಳೆತ, ನಿಶ್ಶಕ್ತಿ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಯಿತು, ಏನೂ ಇಲ್ಲ ಎಂದರು. ಫೋನ್ ಮಾಡಿದರೆ ‘ಆರಾಮ ಇದ್ದೇನೆ ಅಣ್ಣಾ’ ಎನ್ನುತ್ತಾಳೆ, ಆಮೇಲೆ ಮಾತಿಲ್ಲ. ದಿನಾ ಧೈರ್ಯ ಹೇಳುತ್ತೇನೆ. ಅವಳ ಜೊತೆಗೇ ಹೋದ ನಮ್ಮೂರಿನ ಇನ್ನಿಬ್ಬರು ಹೆಣ್ಣುಮಕ್ಕಳು ಚೆನ್ನಾಗಿದ್ದಾರೆ. ಇವಳ ಮನಸ್ಸನ್ನು ಗಟ್ಟಿ ಮಾಡುವುದು ಹೇಗೆ? ಇಲ್ಲವೇ ಕೆಲಸ ಬಿಡಿಸಿ ಊರಿಗೆ ಕರೆತರಲೇ?

ಉತ್ತರ: ಮಾಸ್ತರರೇ, ಮೊದಲು ದಿನಾ ಧೈರ್ಯ ಹೇಳುವುದನ್ನು ಕೆಲವು ದಿನ ನಿಲ್ಲಿಸಿ. ನಿಮ್ಮ ಅಕ್ಕರೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಧೈರ್ಯ ಹೇಳಿಸಿಕೊಂಡವಳಿಗೆ ಮುಂದೆ ಹೇಳಲು ಏನೂ ಉಳಿಯುವುದಿಲ್ಲ. ‘ಗಟ್ಟಿಯಾಗಿರು’ ಎಂದ ಅಣ್ಣನಿಗೆ ‘ಆಗುತ್ತಿಲ್ಲ’ ಎಂದು ತಿರುಗಿ ಹೇಳುವುದು ನಮ್ಮ ಮನೆಗಳಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಬರುವುದಿಲ್ಲ. ಅವಳು ‘ಆರಾಮ ಇದ್ದೇನೆ’ ಎಂದು ಮಾತು ಮುಗಿಸುತ್ತಾಳೆ, ನೀವು ಫೋನ್ ಇಡುತ್ತೀರಿ. ಆ ಕರೆಯಿಂದ ಸಮಾಧಾನ ಸಿಕ್ಕಿದ್ದು ನಿಮಗೆ.

ಮನೋವೈದ್ಯಕೀಯ ಸಮಾಜಕಾರ್ಯಕರ್ತೆಯಾಗಿ ನಾನು ನೋಡುವ ಹೆಣ್ಣುಮಕ್ಕಳಲ್ಲಿ ದೊಡ್ಡ ಪಾಲು ಹೀಗೆ ಊರು ಬಿಟ್ಟು ಬಂದವರೇ. ಒಬ್ಬಳು ಕಷ್ಟದಿಂದ ಚೇತರಿಸಿಕೊಳ್ಳುತ್ತಾಳೆಯೇ ಇಲ್ಲವೇ ಎಂದು ಅಂದಾಜು ಮಾಡಲು ನಾನು ಅವಳ ಮನಸ್ಸಿನ ಗಟ್ಟಿತನವನ್ನು ಅಳೆಯಲು ಹೋಗುವುದಿಲ್ಲ. ಕೇಳುವ ಪ್ರಶ್ನೆಗಳು ತೀರಾ ಸಾಮಾನ್ಯ: ಜ್ವರ ಬಂದ ದಿನ ಗಂಜಿ ಕಾಯಿಸಿಕೊಟ್ಟವರು ಯಾರು? ಕೊನೆಯ ಸಲ ಐನೂರು ರೂಪಾಯಿ ಕೈಗಡ ಕೊಟ್ಟವರು ಯಾರು? ಇವತ್ತು ರಾತ್ರಿ ಮನೆಯಿಂದ ಹೊರಬರಬೇಕಾದರೆ ಯಾರ ಬಾಗಿಲು ತಟ್ಟುತ್ತೀ? ಮೂರಕ್ಕೂ ಥಟ್ಟನೆ ಹೆಸರು ಬಂದರೆ ನನ್ನ ಆತಂಕ ಅರ್ಧ ಇಳಿಯುತ್ತದೆ. ಮೂರಕ್ಕೂ ‘ಊರಲ್ಲಿ ಅಣ್ಣ ಇದ್ದಾನೆ’ ಎಂಬ ಒಂದೇ ಉತ್ತರ ಬಂದರೆ ಏರುತ್ತದೆ. ನೀವಿರುವುದು ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿ.

ಇದು ನನ್ನೊಬ್ಬಳ ಅನುಭವದ ಮಾತಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ತಂಡ ದಶಕಗಳ ಕಾಲ ಹಿಂಬಾಲಿಸಿತು. ಹಲವು ಮಕ್ಕಳ ಮನೆತನದವರು ಜಪಾನ್, ಫಿಲಿಪ್ಪೀನ್ಸ್‌ಗಳಿಂದ ಅಲ್ಲಿನ ತೋಟಗಳಿಗೆ ದುಡಿಯಲು ಬಂದು ನೆಲೆಸಿದವರು. ಬಡತನ, ಕುಡಿತ, ಒಡೆದ ಸಂಸಾರಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ನೆಟ್ಟಗೆ ಬೆಳೆದು ಬದುಕು ಕಟ್ಟಿಕೊಂಡಿತು. ಹುಟ್ಟುಗುಣದ ಪಾಲೂ ಅದರಲ್ಲಿತ್ತು. ಆದರೆ ಆ ಮಕ್ಕಳ ಬದುಕಿನಲ್ಲಿ ಮತ್ತೆ ಮತ್ತೆ ಕಾಣಿಸಿದ್ದು ಕೈಬಿಡದ ಒಬ್ಬ ದೊಡ್ಡವರು: ಒಬ್ಬ ಅಜ್ಜಿ, ಒಬ್ಬ ಮೇಷ್ಟ್ರು, ಒಬ್ಬ ನೆರೆಯಾಕೆ.

ಆದ್ದರಿಂದ ನಿಮ್ಮೂರಿನ ಇನ್ನಿಬ್ಬರು ‘ಚೆನ್ನಾಗಿದ್ದಾರೆ’ ಎಂಬ ಹೋಲಿಕೆಯನ್ನು ಬದಿಗಿಡಿ, ಅಥವಾ ಪೂರ್ತಿಯಾಗಿ ಹೋಲಿಸಿ. ಅವರ ಮಕ್ಕಳು ಯಾರ ಬಳಿ ಇದ್ದಾರೆ? ಅಕ್ಕನೋ ನಾದಿನಿಯೋ ಅದೇ ವಠಾರದಲ್ಲಿದ್ದಾರೆಯೇ? ಊರಿನ ಸಾಲ ಎಷ್ಟಿದೆ? ಗಂಡ ಕುಡಿಯುತ್ತಾನೆಯೇ? ಇಷ್ಟನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೂ ನಿಮ್ಮ ತಂಗಿಯ ಮನಸ್ಸೇ ದುರ್ಬಲ ಎನ್ನಿಸಿದರೆ ನನಗೆ ಮತ್ತೆ ಬರೆಯಿರಿ. ಅಂಥ ಪತ್ರ ಬರುತ್ತದೆ ಎಂದು ನನಗೆ ಅನಿಸುವುದಿಲ್ಲ.

ಊರು ಬಿಟ್ಟಾಗ ಅವಳು ಏನೇನು ಕಳೆದುಕೊಂಡಳು ಎಂದು ಯೋಚಿಸಿ. ನಿಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಭತ್ತದ ನಾಟಿಗೆ ಹೆಣ್ಣಾಳುಗಳು ಗುಂಪಾಗಿ ಹೋಗುತ್ತಾರೆ, ಬೆನ್ನು ಬಗ್ಗಿಸಿಕೊಂಡೇ ಹರಟುತ್ತಾರೆ, ಒಬ್ಬಳ ಅತ್ತೆಯ ಕಥೆಗೆ ಹತ್ತು ಜನ ನಗುತ್ತಾರೆ. ಕೆಲಸ ಕಠಿಣ, ಕೂಲಿ ಕಡಿಮೆ, ಆದರೆ ಎದೆಯ ಭಾರ ಅಲ್ಲಿ ದಿನದಿನವೂ ಇಳಿಯುತ್ತದೆ. ಅದಕ್ಕೆ ಯಾರೂ ಆಪ್ತ ಸಮಾಲೋಚನೆ ಎಂದು ಹೆಸರಿಟ್ಟಿಲ್ಲ. ಗಾರ್ಮೆಂಟ್ಸ್ ಲೈನಿನಲ್ಲಿ ಅವಳ ಹಿಂದೆ ಮುಂದೆ ಹತ್ತಾರು ಹೆಂಗಸರು ಕೂತಿರುತ್ತಾರೆ, ಊರಿನ ನಾಟಿ ಗುಂಪಿಗಿಂತ ಹೆಚ್ಚು. ಮಾತಾಡುವ ಹಾಗಿಲ್ಲ. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಇರುತ್ತದೆ. ಒಬ್ಬಳು ಹಿಂದೆ ಬಿದ್ದರೆ ಅವಳ ಮುಂದೆ ಬಟ್ಟೆಯ ರಾಶಿ ಬೆಳೆಯುತ್ತದೆ, ಸೂಪರ್‌ವೈಸರ್ ಬಾಯಿಗೆ ಬಂದದ್ದು ಬೈಯುತ್ತಾನೆ. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಿ, ಶೌಚಾಲಯದ ಸಾಲು ಮುಗಿಸಿ ಬರುವಷ್ಟರಲ್ಲಿ ಬೆಲ್ ಆಗಿರುತ್ತದೆ. ಸಂಜೆ ಲಗ್ಗೆರೆಗೆ ಮರಳಿದರೆ ನೀರು ಹಿಡಿಯಬೇಕು, ಅಡುಗೆ ಆಗಬೇಕು, ಬೆಳಗಿನ ಡಬ್ಬಿಗೆ ಹೆಚ್ಚಿಡಬೇಕು. ಪಕ್ಕದ ಕೋಣೆಯವಳದೂ ಅದೇ ಕಥೆ. ಎರಡು ಬಾಗಿಲುಗಳ ನಡುವೆ ಮೂರು ಅಡಿ ಇದ್ದರೂ ಇಬ್ಬರಿಗೂ ಪುರುಸೊತ್ತು ಇಲ್ಲ. ಜನರ ಕೊರತೆ ಅಲ್ಲಿಲ್ಲ, ಹೊತ್ತಿನ ಕೊರತೆ ಇದೆ.

ಅದರ ಮೇಲೆ ಭಾಷೆಯ ಸಣ್ಣ ಮುಳ್ಳು. ಕನ್ನಡ ನಾಡಿನೊಳಗೇ ಬಂದರೂ ರಾಯಚೂರಿನ ಮಾತಿಗೆ ನಗುವವರು ಬೆಂಗಳೂರಿನ ಫ್ಲೋರಿನಲ್ಲಿ ಸಿಗುತ್ತಾರೆ. ಮೊದಲ ವರ್ಷ ಬಾಯಿ ಬಿಡದೆ ಕೆಲಸ ಮಾಡಿದೆ ಎಂದವರು ನನಗೆ ಅಪರೂಪವಲ್ಲ. ಒಡಿಶಾ, ಜಾರ್ಖಂಡ್‌ಗಳಿಂದ ತರಬೇತಿ ಯೋಜನೆಗಳ ಮೂಲಕ ತಂಡತಂಡವಾಗಿ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರ ಪಾಡು ಇದಕ್ಕಿಂತ ಬಿಗಿ. ಅದು ಬೇರೆಯೇ ಬರೆಯಬೇಕಾದ ವಿಷಯ.

ಹಾಗೆಂದು ಈ ಹೆಣ್ಣುಮಕ್ಕಳ ನಡುವೆ ನಂಟೇ ಇಲ್ಲ ಎಂದುಕೊಂಡರೆ ತಪ್ಪಾಗುತ್ತದೆ. 2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಮಗಳ ಮದುವೆಗೋ ಊರಿನ ಸಾಲಕ್ಕೋ ಆ ಹಣವನ್ನೇ ನಂಬಿದ್ದ ಹೆಂಗಸರು ಏಪ್ರಿಲ್ 18ರಂದು ಬೊಮ್ಮನಹಳ್ಳಿ ಬಳಿ ಹೊಸೂರು ರಸ್ತೆಗೆ ಇಳಿದರು. ಮರುದಿನ ಪೀಣ್ಯ, ಮೈಸೂರು ರಸ್ತೆ, ತುಮಕೂರು ರಸ್ತೆ ಎಲ್ಲ ಕಡೆ ಅವರೇ. ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು, ಬಸ್ಸುಗಳು ಸುಟ್ಟವು. ಆ ಹಿಂಸೆಯನ್ನು ನಾನು ಹೊಗಳಲಾರೆ. ಆದರೆ 19ರ ಸಂಜೆಯ ಹೊತ್ತಿಗೆ ನಿಯಮ ಹಿಂದಕ್ಕೆ ಹೋಯಿತು. ಅವರನ್ನು ಕರೆದು ನಿಲ್ಲಿಸಿದ ದೊಡ್ಡ ನಾಯಕರಿರಲಿಲ್ಲ, ಸಂಘಟನೆಗಳೇ ಬೆರಗಾಗಿ ಹಿಂದೆ ಓಡಿದವು. ಹಾಗಾದರೆ ಸುದ್ದಿ ಹೋದದ್ದು ಹೇಗೆ? ಬಸ್ ನಿಲ್ದಾಣದಲ್ಲಿ, ಡಬ್ಬಿ ಹಂಚಿಕೊಳ್ಳುವಲ್ಲಿ, ಚೀಟಿ ಹಣ ಕೊಡುವಾಗ, ನೀರಿನ ಕೊಳಾಯಿಯ ಬಳಿ. ಇಂಥ ತೆಳು ಪರಿಚಯಗಳು ಬೇಕಾದಾಗ ಎಷ್ಟು ಭಾರ ಹೊರುತ್ತವೆ ಎಂಬುದನ್ನು ಆ ಎರಡು ದಿನಗಳಲ್ಲಿ ಊರಿಗೆ ಊರೇ ನೋಡಿತು.

ಹತ್ತಿರದ ನೆಂಟಸ್ತಿಕೆಗಿಂತ ಇಂಥ ಹಗುರ ಪರಿಚಯಗಳಿಂದಲೇ ಹೊಸ ಸುದ್ದಿ ಹೆಚ್ಚು ಬರುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ವಾದಿಸಿದ್ದರು. ಯಾವ ಫ್ಯಾಕ್ಟರಿಯಲ್ಲಿ ಬೈಗುಳ ಕಡಿಮೆ, ಕಾರ್ಮಿಕರ ವಿಮೆಯಾದ ಇಎಸ್‌ಐನ ಯಾವ ಔಷಧಾಲಯದಲ್ಲಿ ಸರದಿ ಬೇಗ ಬರುತ್ತದೆ, ಯಾವ ಓಣಿಯಲ್ಲಿ ಅಡ್ವಾನ್ಸ್ ಕಡಿಮೆ ಎಂಬುದು ನಿಮಗೂ ಗೊತ್ತಿಲ್ಲ, ಅವಳ ಗಂಡನಿಗೂ ಗೊತ್ತಿಲ್ಲ. ಅದು ಬೇರೆ ಲೈನಿನ ಚೆಕಿಂಗ್ ಹೆಂಗಸಿಗೆ ಗೊತ್ತಿರುತ್ತದೆ.

ನೆರವು ಎಂದರೆ ಒಂದೇ ಬಗೆಯದಲ್ಲ. ಜೇಮ್ಸ್ ಹೌಸ್ ಎಂಬ ಸಮಾಜಶಾಸ್ತ್ರಜ್ಞ 1981ರಲ್ಲಿ ನಾಲ್ಕು ಬಗೆಯಾಗಿ ವಿಂಗಡಿಸಿದ್ದು ಇವತ್ತಿಗೂ ನಮ್ಮ ಕೆಲಸಕ್ಕೆ ಬರುತ್ತದೆ: ಪ್ರೀತಿಯ ಮಾತು, ಕೈಯಾರೆ ಮಾಡುವ ಸಹಾಯ, ಬೇಕಾದ ಮಾಹಿತಿ, ‘ನೀನು ಮಾಡುತ್ತಿರುವುದು ಸರಿಯಾಗಿದೆ’ ಎಂಬ ಮನ್ನಣೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೊಟ್ಟರೆ ಪ್ರಯೋಜನವಿಲ್ಲ, ಕೆಲವೊಮ್ಮೆ ರೇಗುತ್ತದೆ. ನಿಮ್ಮ ತಂಗಿಗೆ ನಿಮ್ಮಿಂದ ಮೊದಲನೆಯದು ಧಾರಾಳವಾಗಿ ಸಿಗುತ್ತಿದೆ. ಉಳಿದ ಮೂರು ಎಲ್ಲಿಂದ ಬರುತ್ತಿವೆ? ನಾಲ್ಕನೆಯದರ ಬಗ್ಗೆ ಒಂದು ಮಾತು ಹೇಳಬೇಕು. ಎರಡು ವರ್ಷ ದುಡಿದು ಮನೆಗೆ ಹಣ ಕಳಿಸಿದವಳಿಗೆ ಮನೆಯಲ್ಲಿ ಯಾರಾದರೂ ‘ನಿನ್ನಿಂದ ಇದಾಯಿತು’ ಎಂದಿದ್ದಾರೆಯೇ? ಅವಳ ಹಣದಿಂದ ತೀರಿದ ಸಾಲದ ಕಂತು ಯಾವುದು, ಬಂದ ಪಾತ್ರೆ ಯಾವುದು ಎಂದು ಅವಳಿಗೆ ಗೊತ್ತೇ? ಫೋನಿನಲ್ಲಿ ಧೈರ್ಯದ ಬದಲು ಅದನ್ನು ಹೇಳಿ.

ಇನ್ನು ಕಹಿ ಮಾತು. ಮನೆಯವರ ಬೆಂಬಲ ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ಹೊರೆ. ಗಂಡನ ಮನೆಗೆ ಇಷ್ಟು, ತವರಿಗೆ ಇಷ್ಟು, ಸಂಘದ ಕಂತಿಗೆ ಇಷ್ಟು. ಊರಿನ ಸಂಘದಲ್ಲಿ ಅವಳ ಹೆಸರಿನಲ್ಲಿ ಸಾಲ ಇದ್ದರೆ, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕಾದ ಒಪ್ಪಂದ ಇದ್ದರೆ, ನೆನಪಿಡಿ: ಒಂದು ಕಾಲಕ್ಕೆ ಅವಳ ಕಷ್ಟ ಕೇಳುತ್ತಿದ್ದ ಗೆಳತಿಯರೇ ಈಗ ವಾರವಾರ ‘ಕಟ್ಟಿದೆಯಾ’ ಎಂದು ಕೇಳುವವರು. ಕಿರು ಸಾಲದ ವಸೂಲಿಯ ಕಿರುಕುಳ ತಾಳದೆ ಊರು ಬಿಟ್ಟ ಕುಟುಂಬಗಳ ಸುದ್ದಿ ನಾವೆಲ್ಲ ಓದಿದ್ದೇವೆ. 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆಂದೇ ಕಾನೂನು ತರಬೇಕಾಯಿತು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಇರುವವರಿಗೆ ಹೋಗುತ್ತದೆ. ಕೂಡು ಕುಟುಂಬದ ಚೀಟಿಯಾದರೆ ಅದು ಬಹುತೇಕ ಅತ್ತೆ. ಅದರಲ್ಲಿ ತಪ್ಪಿಲ್ಲ, ಆದರೆ ಸೊಸೆಗೆ ಅದರ ಒಂದು ರೂಪಾಯಿಯೂ ಕಾಣದೆ ಇರಬಹುದು. ಅವಳ ಸಂಬಳದಲ್ಲಿ ತಿಂಗಳ ಕೊನೆಗೆ ಅವಳ ಕೈಯಲ್ಲಿ, ಅವಳ ಇಚ್ಛೆಗೆ ಎಷ್ಟು ಉಳಿಯುತ್ತದೆ ಎಂದು ಒಮ್ಮೆ ಕೇಳಿ. ‘ಕೇಳಿ’ ಎಂದೆ, ಲೆಕ್ಕ ತಪಾಸಣೆ ಮಾಡಿ ಎನ್ನಲಿಲ್ಲ.

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ನಿಮ್ಮೂರಿನಲ್ಲೂ ಓಡಾಡುತ್ತಿರಬೇಕು. ನೀವು ಅದನ್ನು ನಂಬುವವರಲ್ಲ, ನಂಬಿದ್ದರೆ ಈ ಪತ್ರ ಬರುತ್ತಿರಲಿಲ್ಲ. ಆದರೆ ಅವಳು ನಂಬಿರಬಹುದು. ತವರಿನ ಮೇಲೆ ಈಗಾಗಲೇ ಮಗುವಿನ ಭಾರ ಹೊರಿಸಿದ್ದೇನೆ, ಇನ್ನು ನನ್ನ ದುಃಖವನ್ನೂ ಹೊರಿಸಲೇ ಎಂಬ ಲೆಕ್ಕ ಅವಳೊಳಗೆ ನಡೆದಿರುವ ಸಾಧ್ಯತೆ ಬಹಳ.

ಮಗುವಿನ ವಿಷಯಕ್ಕೆ ಬರುತ್ತೇನೆ. ಈ ಪತ್ರದ ನಡುಗಂಬ ಅದೇ ಎಂದು ನನ್ನ ಅನುಮಾನ. ನೀವು ಅದನ್ನು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನಾಲ್ಕು ವರ್ಷದ ಮಗ ಅಜ್ಜಿಯ ಹತ್ತಿರ ಸುಖವಾಗಿರಬಹುದು; ಕವಾಯಿಯ ಅಧ್ಯಯನವೂ ಅಜ್ಜಿಯಂಥವರ ಪರವಾಗಿಯೇ ಇದೆ. ಅವನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ತಾಯಿಯ ಬಗ್ಗೆ ಇದೆ. ಫೋನ್ ಕೊಟ್ಟರೆ ಅವನು ಓಡಿಹೋಗುತ್ತಾನೆ, ಅಜ್ಜಿಯನ್ನೇ ಅವ್ವಾ ಎನ್ನುತ್ತಾನೆ, ಮನೆಯವರೆಲ್ಲ ನಗುತ್ತಾರೆ, ‘ನೋಡು, ನಿನ್ನ ಮಗ ನಿನ್ನನ್ನೇ ಮರೆತ’ ಎಂದು ಯಾರೋ ತಮಾಷೆ ಮಾಡುತ್ತಾರೆ. ಆ ತಮಾಷೆ ಇವತ್ತೇ ನಿಲ್ಲಲಿ. ಅವನ ಜೊತೆ ಮಾತಿಗೆ ದಿನಾ ಒಂದೇ ಹೊತ್ತು ಗೊತ್ತು ಮಾಡಿ, ಅವಳು ಕೆಲಸದಿಂದ ಬಂದು ಕೈಕಾಲು ತೊಳೆದ ಮೇಲೆ, ಅವನು ಉಣ್ಣುವ ಹೊತ್ತಿಗೆ. ಮಾತಾಡು ಎಂದು ಅವನನ್ನು ಒತ್ತಾಯಿಸದೆ ಫೋನನ್ನು ಎದುರಿಗೆ ಇಟ್ಟು ಅವನಿಗೆ ಉಣ್ಣಿಸಿ. ಅವಳು ನೋಡಲಿ, ಸಾಕು. ಅಂಗಿ ತರಬೇಕೇ, ಸೂಜಿಮದ್ದು ಹಾಕಿಸಬೇಕೇ, ಯಾವ ಶಾಲೆಗೆ ಸೇರಿಸಬೇಕು ಎಂಬ ಸಣ್ಣ ದೊಡ್ಡ ತೀರ್ಮಾನಗಳನ್ನು ಅವಳನ್ನು ಕೇಳಿ ಮಾಡಿ. ದೂರದಲ್ಲಿದ್ದೂ ತಾಯಿಯಾಗಿ ಉಳಿಯಲು ಇಷ್ಟು ಅವಕಾಶ ಬೇಕು.

ಅದಕ್ಕಿಂತ ಮುಂದೆ ಹೋಗಿ ಮಗುವನ್ನು ಅಲ್ಲಿಗೇ ಕಳಿಸಲು ಆಗುತ್ತದೆಯೇ ನೋಡಿ. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಇರಬೇಕೆಂದು ಕಾನೂನು ಹೇಳುತ್ತದೆ. ಕಾಗದದ ಮೇಲಿನ ಕೇಂದ್ರ ಬೇರೆ, ಆಯಾ ಇರುವ ಕೇಂದ್ರ ಬೇರೆ. ಹೋಗಿ ಕಣ್ಣಾರೆ ನೋಡಬೇಕು. ಮೂರು ದಾಟಿದ ಮಗುವನ್ನು ಲಗ್ಗೆರೆಯ ಅಂಗನವಾಡಿಗೂ ಸೇರಿಸಬಹುದು, ಊರು ಬೇರೆ ಎಂಬುದು ಅಡ್ಡಿಯಾಗಬಾರದು. ಆದರೆ ಅವಳು ಕೆಲಸ ಮುಗಿಸಿ ಬರುವ ಮೊದಲೇ ಅಂಗನವಾಡಿ ಬಿಡುತ್ತದೆ. ಆದ್ದರಿಂದ ಮೊದಲ ಹೆಜ್ಜೆಯಾಗಿ ನಿಮ್ಮ ಅವ್ವ ಮೊಮ್ಮಗನನ್ನು ಕರೆದುಕೊಂಡು ಹೋಗಿ ಒಂದು ತಿಂಗಳು ಅಲ್ಲಿದ್ದು ಬರಲಿ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಹೋಗಿಬರುವ ಖರ್ಚು ದೊಡ್ಡದಲ್ಲ. ಶಕ್ತಿ ಯೋಜನೆಯ ಲಾಭನಷ್ಟದ ಬಗ್ಗೆ ಟಿವಿಯಲ್ಲಿ ಜಗಳವಾಡುವವರು, ಗುಳೆ ಹೋದ ಮಗಳ ಮನೆಗೆ ತಾಯಿ ಹೋಗಿಬರುವುದಕ್ಕೆ ಎಷ್ಟು ಬೆಲೆ ಕಟ್ಟುತ್ತಾರೋ ತಿಳಿಯದು. ಪಡಿತರ ಚೀಟಿ ಊರಿನದ್ದಾದರೂ ಚಿಂತೆಯಿಲ್ಲ, ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಒಂದು ಪಾಲು, ಉಳಿದದ್ದನ್ನು ಊರಲ್ಲಿ ಪಡೆಯಬಹುದು.

ತಲೆನೋವು, ಸೆಳೆತ, ನಿಶ್ಶಕ್ತಿಗಳನ್ನು ‘ಏನೂ ಇಲ್ಲ’ ಎಂದು ತೆಗೆದುಹಾಕಬೇಡಿ. ಹೊಲಿಗೆ ಕೆಲಸದವರ ತಲೆನೋವಿಗೆ ಕಣ್ಣಿನ ದೋಷ ಕಾರಣವಿರಬಹುದು, ಕನ್ನಡಕದಲ್ಲಿ ಮುಗಿಯಬಹುದು. ಶೌಚಾಲಯಕ್ಕೆ ಹೋಗಲು ಅನುಮತಿ ಕೇಳಬೇಕಾಗುತ್ತದೆ ಎಂದು ದಿನವಿಡೀ ನೀರು ಕುಡಿಯದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಿಗೂ ತಲೆ ಸಿಡಿಯುತ್ತದೆ. ರಕ್ತಹೀನತೆ, ಥೈರಾಯ್ಡ್ ನೋಡಿದ್ದಾರೆಯೇ ಕೇಳಿ. ಇವೆಲ್ಲ ಸರಿಯಿದ್ದರೂ ನೋವು ನಿಜವೇ. ನಮ್ಮ ಹೆಣ್ಣುಮಕ್ಕಳ ದುಃಖ ಮೈಯಿಂದ ಮಾತಾಡುತ್ತದೆ. ಬಿಳಿ ಸೆರಗಿನ ದೂರು ಹೇಳುವ ಹೆಂಗಸರ ಬಗ್ಗೆ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಆ ದೂರಿಗೆ ಸೋಂಕಿಗಿಂತ ಖಿನ್ನತೆ, ಆತಂಕಗಳ ನಂಟೇ ಹೆಚ್ಚು ಬಲವಾಗಿ ಕಂಡಿತು. ಇಂಥ ದೂರು ನಿಮ್ಮ ತಂಗಿಗೂ ಇರಬಹುದು, ಅಣ್ಣನಿಗೆ ಹೇಳಲಾರಳು. ಕೇಳುವ ಕೆಲಸ ನಿಮ್ಮ ಹೆಂಡತಿಗೋ ಅವ್ವನಿಗೋ ಬಿಡಿ.

ಹಾಗೆ ಕೇಳುವಾಗ ಎರಡು ಪ್ರಶ್ನೆ ಸಾಕು, ವೈದ್ಯರೂ ಇಲ್ಲಿಂದಲೇ ಶುರು ಮಾಡುತ್ತಾರೆ. ಈ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿ, ಯಾವ ಆಸೆಯೂ ಇಲ್ಲದಂತೆ ಅನಿಸಿದೆಯೇ? ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ? ಎರಡಕ್ಕೂ ‘ಹೆಚ್ಚಿನ ದಿನ ಹಾಗೇ’ ಎಂದರೆ, ಅದರ ಜೊತೆ ನಿದ್ದೆ ಕೆಟ್ಟಿದ್ದರೆ, ಊಟ ಬೇಡವಾಗಿದ್ದರೆ, ಇದು ಧೈರ್ಯದಿಂದ ಹೋಗುವುದಲ್ಲ. ಚಿಕಿತ್ಸೆ ಬೇಕು, ಚಿಕಿತ್ಸೆಯಿಂದ ಹೋಗುತ್ತದೆ. 14416 ಟೆಲಿ ಮಾನಸ್ ಸಹಾಯವಾಣಿ; ಹಗಲು ರಾತ್ರಿ, ಉಚಿತ, ಕನ್ನಡದಲ್ಲಿ. ಬೆಂಗಳೂರಿನಲ್ಲೇ ಇರುವುದರಿಂದ ನಿಮ್ಹಾನ್ಸ್ ಕೂಡ ಎಟುಕುತ್ತದೆ. ಸಾಯಬೇಕು ಅನಿಸುತ್ತದೆಯೇ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು ಭಯ. ಹೌದು ಎಂದರೆ ಅಂದೇ ಹೊರಡಿ, ಅಲ್ಲಿಯವರೆಗೆ ಅವಳನ್ನು ಒಂಟಿಯಾಗಿ ಬಿಡದಂತೆ ಆ ಇನ್ನಿಬ್ಬರಲ್ಲಿ ಒಬ್ಬರಿಗೆ ಫೋನ್ ಮಾಡಿ.

ಅವಳ ಗಂಡನ ಬಗ್ಗೆ ನೀವು ಗಾರೆ ಕೆಲಸ ಎನ್ನುವುದರಾಚೆಗೆ ಏನೂ ಬರೆದಿಲ್ಲ. ಹೊಡೆತ ಬಡಿತ ಇದ್ದರೆ ನಾನು ಮೇಲೆ ಹೇಳಿದ್ದೆಲ್ಲ ಎರಡನೆಯ ಸಾಲಿಗೆ ಹೋಗುತ್ತದೆ, ಮೊದಲು ಅವಳ ಸುರಕ್ಷತೆ. 181 ಮಹಿಳಾ ಸಹಾಯವಾಣಿ, ತುರ್ತಾದರೆ 112. ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆಂದೇ ಇರುವ ಸರ್ಕಾರದ ಸಖಿ ಕೇಂದ್ರಗಳಲ್ಲಿ ತಂಗಲೂ ಜಾಗ ಸಿಗುತ್ತದೆ. ಇದನ್ನು ಅವಳು ಅವನೆದುರು ಫೋನಿನಲ್ಲಿ ಹೇಳಲಾರಳು. ಒಂದು ಕೋಣೆಯ ಮನೆಯಲ್ಲಿ ಗುಟ್ಟಿನ ಮಾತಿಗೆ ಜಾಗವೇ ಇಲ್ಲ. ಅವಳು ಕೆಲಸ ಮುಗಿಸಿ ನಡೆದುಬರುವ ಹೊತ್ತಿಗೆ ಕರೆ ಮಾಡಿ ನೋಡಿ, ಮಾತು ಬೇರೆಯೇ ಇರಬಹುದು.

ಅವನು ಒಳ್ಳೆಯವನೇ ಆಗಿದ್ದರೆ, ಅಂಥವರು ಬೇಕಾದಷ್ಟು ಇದ್ದಾರೆ, ಅವನಿಂದ ದೊಡ್ಡ ಕೆಲಸ ಆಗುತ್ತದೆ. ನ್ಯೂಯಾರ್ಕಿನಲ್ಲಿ ವಕೀಲಿಕೆಯ ಕಠಿಣ ಪರೀಕ್ಷೆಗೆ ಓದುತ್ತಿದ್ದವರು ಮತ್ತು ಅವರ ಸಂಗಾತಿಗಳಿಂದ ನಯಾಲ್ ಬೋಲ್ಗರ್ ತಂಡ ದಿನದಿನದ ವರದಿ ಬರೆಸಿಕೊಂಡಿತ್ತು. 2000ದಲ್ಲಿ ಹೊರಬಂದ ಫಲಿತಾಂಶ ತಮಾಷೆಯಾಗಿದೆ: ಓದುವವರ ಗಮನಕ್ಕೇ ಬಾರದಂತೆ ಸಂಗಾತಿ ಮಾಡಿದ ಸಹಾಯ ಅವರ ಕುಗ್ಗುವಿಕೆಯನ್ನು ಹೆಚ್ಚು ತಡೆದಿತ್ತು. ಕಣ್ಣಿಗೆ ರಾಚುವಂತೆ ಮಾಡಿದ ಸಹಾಯ ‘ನನ್ನಿಂದ ಆಗದು’ ಎಂಬ ಭಾವನೆಯನ್ನೂ ಜೊತೆಗೆ ತರುತ್ತದೆ. ಇದನ್ನು ಲಗ್ಗೆರೆಗೆ ತಂದರೆ, ಅವಳು ಬರುವಷ್ಟರಲ್ಲಿ ನೀರು ಹಿಡಿದಿಟ್ಟಿರುವುದು, ಕುಕ್ಕರ್ ಏರಿಸಿರುವುದು, ಮತ್ತು ಅದನ್ನು ಹೇಳಿಕೊಳ್ಳದಿರುವುದು. ಕೊನೆಯದು ನಮ್ಮ ಗಂಡಸರಿಗೆ ತುಸು ಕಷ್ಟ.

ನಿಮಗೂ ಇದೇ ಮಾತು. ಕಷ್ಟವನ್ನು ಬಾಯಿಬಿಟ್ಟು ಹೇಳಿಸುವುದೇ ನೆರವಿನ ದಾರಿ ಎಂದು ನಮ್ಮ ವೃತ್ತಿಯವರೂ ಬಹಳ ಕಾಲ ನಂಬಿದ್ದರು. ಹೀಜಂಗ್ ಕಿಮ್, ಶೆಲ್ಲಿ ಟೇಲರ್ ಮೊದಲಾದವರು ಅಮೆರಿಕದಲ್ಲಿರುವ ಏಷ್ಯಾ ಮೂಲದವರ ಜೊತೆ ನಡೆಸಿದ ಅಧ್ಯಯನಗಳಲ್ಲಿ ಬೇರೆಯದೇ ಕಂಡಿತು. ಸಮಸ್ಯೆಯ ಮಾತೆತ್ತದೆ ತಮ್ಮವರ ಜೊತೆ ಇರುವುದು, ಅವರನ್ನು ನೆನೆಯುವುದೇ ಅವರಿಗೆ ಹೆಚ್ಚು ಹಿತವಾಗಿತ್ತು. ‘ಏನಾಗಿದೆ ಹೇಳು’ ಎಂದು ಬೆನ್ನು ಹತ್ತುವ ಬದಲು ಒಂದು ಭಾನುವಾರ ಹೋಗಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಸಿಕೊಂಡು ಹೋಗಿ, ಮೂರು ಮನೆಗಾಗುವಷ್ಟು. ಪಕ್ಕದ ಕೋಣೆಗೆ, ಎದುರಿನ ಮನೆಗೆ ಅವಳೇ ಕೊಟ್ಟು ಬರಲಿ. ಡಬ್ಬಿ ವಾಪಸು ಬರುವಾಗ ಖಾಲಿ ಬರುವುದಿಲ್ಲ, ಅದರ ಜೊತೆ ನಾಲ್ಕು ಮಾತೂ ಬರುತ್ತವೆ. ಆ ಇನ್ನಿಬ್ಬರು ಗೆಳತಿಯರು ಎಲ್ಲಿದ್ದಾರೆ ನೋಡಿ. ಬೇರೆ ಬಡಾವಣೆಯಾಗಿದ್ದರೆ, ಸಾಧ್ಯವಾದರೆ ಬಾಡಿಗೆ ಮನೆಯನ್ನು ಅವರ ಹತ್ತಿರಕ್ಕೆ ಬದಲಿಸಲು ಅಡ್ವಾನ್ಸ್ ಹಣದಲ್ಲಿ ಒಂದಿಷ್ಟು ನೀವು ಕೈಜೋಡಿಸಿ. ನಿಮ್ಮಿಂದ ಆಗಬಹುದಾದ ಸಹಾಯಗಳಲ್ಲಿ ಇದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ.

ಕೊನೆಗೆ ನಿಮ್ಮ ಪ್ರಶ್ನೆ, ಕೆಲಸ ಬಿಡಿಸಿ ಕರೆತರಲೇ ಎಂಬುದು. ಅವಳನ್ನು ಕೇಳಿದ್ದೀರಾ? ಈ ಕೆಲಸ ಅವಳಿಗೆ ಬೇಸರದ ಜೊತೆಗೆ ತನ್ನದೇ ಸಂಬಳ, ಪಿಎಫ್, ತನ್ನ ಹೆಸರಿನ ಗುರುತಿನ ಚೀಟಿಯನ್ನೂ ಕೊಟ್ಟಿದೆ. ಅದನ್ನು ಕಿತ್ತುಕೊಂಡು ಊರಿನಲ್ಲಿ ಕೂರಿಸಿದರೆ ಮೂರೇ ತಿಂಗಳಲ್ಲಿ ಅತ್ತೆಮನೆ ತವರುಮನೆಗಳ ನಡುವೆ ಇನ್ನೊಂದು ಬಗೆಯ ತಲೆನೋವು ಶುರುವಾಗಬಹುದು. ಅವಳೇ ಬರುತ್ತೇನೆ ಎಂದರೂ ರಾಜೀನಾಮೆ ಬರೆಯುವ ಮುನ್ನ ಇಎಸ್‌ಐ ವೈದ್ಯರ ಬಳಿ ಹೋಗಲಿ. ತಿಂಗಳ ಸಂಬಳ 21,000 ರೂಪಾಯಿ ಮೀರದ ಟೈಲರ್‌ಗೆ ಇಎಸ್‌ಐ ಇರಲೇಬೇಕು. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿದ್ದರೆ, ವೈದ್ಯರು ಬರೆದುಕೊಟ್ಟ ರಜೆಗೆ ವರ್ಷಕ್ಕೆ 91 ದಿನಗಳವರೆಗೆ ಸರಾಸರಿ ಕೂಲಿಯ ಶೇಕಡಾ 70ರಷ್ಟು ಸಿಗುತ್ತದೆ. ಖಿನ್ನತೆಯೂ ಕಾಯಿಲೆಯೇ, ಅದಕ್ಕೂ ಈ ರಜೆ ಸಲ್ಲುತ್ತದೆ. ಆ ರಜೆಯಲ್ಲಿ ಊರಿಗೆ ಬರಲಿ, ಮಗನ ಜೊತೆ ಇರಲಿ, ಚಿಕಿತ್ಸೆ ಶುರುವಾಗಲಿ. ಬಿಡುವುದೋ ಮುಂದುವರಿಯುವುದೋ ಎಂಬುದನ್ನು ನಿದ್ದೆ ಸರಿಯಾದ ಮೇಲೆ ಅವಳೇ ತೀರ್ಮಾನಿಸಲಿ. ಹೋಗುವಾಗ ಇಎಸ್‌ಐ ಕಾರ್ಡು, ಆಧಾರ್, ಈವರೆಗಿನ ಎಲ್ಲ ವರದಿಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಳ್ಳಲು ಹೇಳಿ. ಒಂದು ಕಾಗದ ತಪ್ಪಿದರೆ ಅರ್ಧ ದಿನದ ಸಂಬಳ ಹೋಗುತ್ತದೆ.